ಶೇಕಡಾ ಎಷ್ಟು ಎಂದು ಕೇಳುವ ಮೊದಲು

ಶಾಲೆ ಆರಂಭವಾಗಿ ಎರಡು-ಮೂರು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಅಲಖನೂರಿನಂತಹ ಊರುಗಳಲ್ಲಿ ಒಂದೇ ಬಗೆಯ ಮಾತು ಮನೆ ಮನೆಯಿಂದ ಕೇಳಿಬರುತ್ತದೆ. “ನಮ್ಮ ಹುಡುಗ ಮನ್ಯಾಗ ಭಾಳ ಶಾಣ್ಯಾ ಅದಾನ್ರಿ ಸರ್. ಅಂಗಡಿಗೆ ಕಳಿಸಿದ್ರ ಚಿಲ್ಲರ ಲೆಕ್ಕಾ ಬರೋಬರಿ ತರತಾನ. ಸಾಲ್ಯಾಗ ಮಾತ್ರ ಏನೂ ಬರಂಗಿಲ್ಲ ಅಂತಾರ.” ಇನ್ನು ಕೆಲವರ ಪ್ರಶ್ನೆ ಬೇರೆ. “ಅಂವಗ ಸರ್ಟಿಫಿಕೇಟ್ ಮಾಡಿಸಿದ್ರ ಎಷ್ಟ ಪರ್ಸೆಂಟ್ ಸಿಗತೈತ್ರಿ?”

ಮೊದಲನೆಯ ಮಾತಿನಲ್ಲಿ ಮಗುವಿನ ಚಿಂತೆಯಿದೆ. ಎರಡನೆಯದರಲ್ಲಿ ಕಾಗದದ ಚಿಂತೆಯಿದೆ. ಎರಡೂ ತಪ್ಪಲ್ಲ. ಆದರೆ ಕಾಗದ ಬಂದ ಮೇಲೆಯೇ ಮಗುವಿಗೆ ಕಲಿಸುವುದು ಎಂಬ ತಿಳುವಳಿಕೆ ನಮ್ಮ ಹೆತ್ತವರಲ್ಲೂ ಇದೆ, ಕೆಲವು ಶಿಕ್ಷಕರಲ್ಲೂ ಇದೆ. ಶೇಕಡಾ 40 ಎಂಬ ಅಂಕಿಯನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದಕ್ಕಿಂತ ಕಡಿಮೆ ಬಂದರೆ ಮಗುವಿಗೆ ಶಾಲೆಯಲ್ಲಿ ಏನೂ ಸಿಗುವುದಿಲ್ಲ ಎಂದು ಸುಮ್ಮನಾಗುತ್ತಾರೆ. ಈ ತಪ್ಪು ತಿಳುವಳಿಕೆಯಿಂದ ಎಷ್ಟೋ ಮಕ್ಕಳು ಐದನೆಯ ಇಯತ್ತೆ ಮುಗಿಯುವುದರೊಳಗೆ ಕಬ್ಬಿನ ಗದ್ದೆಗೋ ಗ್ಯಾರೇಜಿಗೋ ಸೇರುತ್ತಾರೆ. ಆದ್ದರಿಂದ ವಿಶೇಷ ನೆರವು ಯಾವ ಮಗುವಿಗೆ ಸಲ್ಲಬೇಕು, ಅದನ್ನು ಯಾರು ತೀರ್ಮಾನಿಸುತ್ತಾರೆ, ಪ್ರಮಾಣಪತ್ರ ಎಲ್ಲಿ ಬೇಕು ಎಲ್ಲಿ ಬೇಡ ಎಂಬುದನ್ನು ಈ ತಿಂಗಳು ಸ್ವಲ್ಪ ಬಿಡಿಸಿ ನೋಡೋಣ.

ಎರಡು ಬೇರೆ ಬೇರೆ ಅಳತೆಗಳು

1995ರ ಹಳೆಯ ಕಾಯ್ದೆಯಲ್ಲಿ ಕೇವಲ 7 ಬಗೆಯ ನ್ಯೂನತೆಗಳಿದ್ದವು. ಕಣ್ಣು, ಕಿವಿ, ಕೈಕಾಲು, ಬುದ್ಧಿಮಾಂದ್ಯ ಮುಂತಾದವು. ಅಕ್ಷರ ಕೂಡಿಸಿ ಓದಲಾಗದ, ಬರೆಯಲಾಗದ, ಲೆಕ್ಕ ಹಿಡಿಯಲಾಗದ ಮಗುವಿಗೆ ಅದರಲ್ಲಿ ಸ್ಥಾನವಿರಲಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರಲ್ಲಿ 21 ನ್ಯೂನತೆಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಮಾತು ಮತ್ತು ಭಾಷೆಯ ನ್ಯೂನತೆ ಇವೆಲ್ಲ ಈಗ ಕಾನೂನಿನ ಲೆಕ್ಕಕ್ಕೆ ಬಂದಿವೆ.

ಈ ಕಾಯ್ದೆಯನ್ನು ಗಮನವಿಟ್ಟು ಓದಿದರೆ ಅದರಲ್ಲಿ ಎರಡು ಅಳತೆಗಳು ಕಾಣುತ್ತವೆ. ಒಂದು, ‘ನ್ಯೂನತೆಯುಳ್ಳ ಮಗು’. ದೀರ್ಘಕಾಲದ ಒಂದು ಕೊರತೆಯಿಂದಾಗಿ, ಸುತ್ತಲಿನ ಅಡೆತಡೆಗಳಿಂದಾಗಿ ಇತರರಂತೆ ಸಮಾನವಾಗಿ ಪಾಲ್ಗೊಳ್ಳಲಾಗದ ಮಗು. ಇಲ್ಲಿ ಶೇಕಡಾವಾರು ಇಲ್ಲ. ಇನ್ನೊಂದು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇದೆಯೆಂದು ವೈದ್ಯಕೀಯ ಪ್ರಾಧಿಕಾರ ಬರೆದುಕೊಟ್ಟ ಮಗು.

ಎರಡನೆಯ ಅಳತೆ ಯಾವುದಕ್ಕೆ ಬೇಕು? ಸೆಕ್ಷನ್ 31ರ ಪ್ರಕಾರ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾವು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವುದಕ್ಕೆ, ಮುಂದೆ ಉನ್ನತ ಶಿಕ್ಷಣದ ಶೇಕಡಾ 5 ಮತ್ತು ಸರಕಾರಿ ನೌಕರಿಯ ಶೇಕಡಾ 4 ಮೀಸಲಾತಿಗೆ ಅದು ಬೇಕು. ಪಿಂಚಣಿ, ಭತ್ಯೆ ಮುಂತಾದ ಹಣದ ಸೌಲಭ್ಯಗಳಿಗೂ ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ.

ಆದರೆ ತರಗತಿಯೊಳಗಿನ ನೆರವಿನ ವಿಷಯ ಬರುವುದು ಸೆಕ್ಷನ್ 16 ಮತ್ತು 17ರಲ್ಲಿ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಭೇದವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ಸರಿಹೊಂದುವ ಬೋಧನೆ ಮಾಡಬೇಕು ಎಂದು 16ನೆಯ ಸೆಕ್ಷನ್ ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಇವುಗಳ ವ್ಯವಸ್ಥೆ ಮಾಡಬೇಕು ಎಂದು 17ನೆಯದು ಹೇಳುತ್ತದೆ. ಈ ನೆರವುಗಳಿಗೆ ಶೇಕಡಾ 40 ಎಂಬ ಷರತ್ತನ್ನು ಆ ಸೆಕ್ಷನ್‌ಗಳು ಹಾಕಿಲ್ಲ. ಹಣಕ್ಕೆ ಒಂದು ಗೆರೆ ಬೇಕು, ಸರಕಾರ ಗೆರೆ ಎಳೆದಿದೆ. ಕಲಿಸುವುದಕ್ಕೆ ಆ ಗೆರೆ ಎಳೆದಿಲ್ಲ.

ಗೆರೆಯ ಈಚೆ ಉಳಿದ ಮಕ್ಕಳು

ಇದು ಬರೀ ಕಾನೂನಿನ ಮಾತಲ್ಲ. ಒಂದು ಕಣ್ಣು ಪೂರ್ತಿ ಕಾಣದೆ ಇನ್ನೊಂದು ಕಣ್ಣು ಚೆನ್ನಾಗಿರುವ ಮಗುವಿಗೆ ಸರಕಾರಿ ಮಾರ್ಗಸೂಚಿಯಲ್ಲಿ ಶೇಕಡಾ 30 ಮಾತ್ರ ಸಿಗುತ್ತದೆ. ಅಂದರೆ 40ರ ಗೆರೆ ದಾಟುವುದಿಲ್ಲ. ಆದರೆ ಆ ಮಗುವನ್ನು ಕಾಣದ ಕಣ್ಣಿನ ಕಡೆಗೆ ಕರಿಹಲಗೆ ಬರುವಂತೆ ಕೂರಿಸಿದರೆ ಅದು ದಿನವಿಡೀ ಕುತ್ತಿಗೆ ತಿರುಗಿಸಿಕೊಂಡೇ ಪಾಠ ಕೇಳಬೇಕು. ಜಾಗ ಬದಲಿಸಲು ಯಾವ ಡಾಕ್ಟರರ ಸಹಿ ಬೇಕು?

ಕಿವಿಯ ವಿಷಯ ಇನ್ನೂ ಗಂಭೀರ. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಾದರೆ ‘ಮಂದ ಶ್ರವಣ’, 70 ಡೆಸಿಬಲ್ ಆದರೆ ‘ಕಿವುಡು’ ಎಂದು ಕಾಯ್ದೆ ಹೇಳುತ್ತದೆ. ಆದರೆ ನಾವು ಎದುರೆದುರು ಕೂತು ಆಡುವ ಮಾತಿನ ಸದ್ದೇ ಸುಮಾರು 60 ಡೆಸಿಬಲ್. 45 ಡೆಸಿಬಲ್ ನಷ್ಟವಿರುವ ಹುಡುಗಿ ಕೊನೆಯ ಸಾಲಿನಲ್ಲಿ ಕೂತರೆ ಅವಳಿಗೆ ಗುರುಗಳ ಮಾತು ಅರ್ಧಂಬರ್ಧ ಮುಟ್ಟುತ್ತದೆ. ‘ಪದ’ ಎಂದದ್ದು ‘ಮದ’ ಎಂದು ಕೇಳಿಸಬಹುದು. ನಮ್ಮ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಿವಿ ಸೋರುತ್ತಿದ್ದರೂ ಎಣ್ಣೆ ಬಿಟ್ಟು ಸುಮ್ಮನಿರುವವರು ಬಹಳ. ಇಂತಹ ಮಗುವಿಗೆ ಪ್ರಮಾಣಪತ್ರ ಸಿಗದಿರಬಹುದು. ಆದರೆ ಚಿಕಿತ್ಸೆ ಬೇಕು, ಮುಂದಿನ ಸಾಲು ಬೇಕು, ಗುರುಗಳು ಮುಖ ತೋರಿಸಿ ಮಾತನಾಡುವುದು ಬೇಕು.

ಬುದ್ಧಿಶಕ್ತಿಯ ಅಳತೆಯಲ್ಲೂ ಇದೇ ತೊಡಕಿದೆ. ಸೌಮ್ಯ ಪ್ರಮಾಣದ ಬೌದ್ಧಿಕ ನ್ಯೂನತೆಗೆ ಶೇಕಡಾ 50 ಎಂದು ಬರೆಯುತ್ತಾರೆ. ಅದಕ್ಕಿಂತ ಸ್ವಲ್ಪ ಮೇಲೆ, ಗಡಿಯಂಚಿನಲ್ಲಿರುವ ಮಗು 40ರ ಕೆಳಗೆ ಉಳಿಯುತ್ತದೆ. ಅದು ನಿಧಾನವಾಗಿ ಕಲಿಯುವ ಮಗು. ಪಿಂಚಣಿಗೂ ಇಲ್ಲ, ಪಾಠಕ್ಕೂ ಇಲ್ಲ ಎಂಬಂತೆ ಎರಡರ ನಡುವೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇದೇ.

ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿತ್ತು. ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕನನ್ನು ಕೇಳಿದರೆ ‘ನಿಮಗೆ ಶೇಕಡಾ 40 ಇಲ್ಲ’ ಎಂಬ ಕಾರಣ ಮುಂದೊಡ್ಡಿದರು. 2021ರ ಫೆಬ್ರವರಿ 11ರಂದು ಕೋರ್ಟು ತೀರ್ಪು ಕೊಟ್ಟಿತು. ಮೀಸಲಾತಿಗೆ ಇಟ್ಟಿರುವ ಅಳತೆಯನ್ನು ಅನುಕೂಲ ಮಾಡಿಕೊಡುವ ವಿಷಯಕ್ಕೆ ಎಳೆದು ತರಬಾರದು, 40ಕ್ಕಿಂತ ಕಡಿಮೆ ಇದ್ದರೂ ಬರೆಯಲು ತೊಂದರೆಯಿರುವವನಿಗೆ ಸಹಾಯಕನನ್ನು ಕೊಡಬೇಕು ಎಂಬುದು ಅದರ ಸಾರ. ಅದರಂತೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಇಂತಹವರಿಗಾಗಿಯೇ ಬೇರೆ ಮಾರ್ಗಸೂಚಿ ಹೊರಡಿಸಿತು. ದೊಡ್ಡ ಪರೀಕ್ಷೆಗೆ ಸಲ್ಲುವ ನ್ಯಾಯ ನಾಲ್ಕನೆಯ ಇಯತ್ತೆಯ ಮಗುವಿಗೆ ಸಲ್ಲದೆ ಇರುತ್ತದೆಯೇ?

ಗುರುತಿಸುವವರು ಯಾರು?

ಮೊದಲು ಗುರುತಿಸಬೇಕಾದವರು ತರಗತಿಯ ಶಿಕ್ಷಕರು ಮತ್ತು ಹೆತ್ತವರು. ವೈದ್ಯರ ಸರದಿ ಆಮೇಲೆ.

ಚಿಕ್ಕ ಮಕ್ಕಳಿಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರಕಾರಿ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ತಂಡ ಬರುವ ದಿನ ಮಗುವನ್ನು ಮದುವೆಗೋ ಉರುಸಿಗೋ ಕರೆದುಕೊಂಡು ಹೋಗಬೇಡಿ.

ಶಾಲೆಯಲ್ಲಿ ಶಿಕ್ಷಕರು ಒಂದು ಪಟ್ಟಿಯ ಸಹಾಯದಿಂದ ಮಗುವನ್ನು ಗಮನಿಸುತ್ತಾರೆ. ಎನ್.ಸಿ.ಇ.ಆರ್.ಟಿ. ಸಂಸ್ಥೆ ಸಿದ್ಧಪಡಿಸಿದ ‘ಪ್ರಶಸ್ತ್’ ಎಂಬ ಪಟ್ಟಿ 2022ರಿಂದ ಮೊಬೈಲ್ ಆ್ಯಪ್‌ನಲ್ಲೂ ಸಿಗುತ್ತದೆ. ಅದರ ಮೊದಲ ಭಾಗವನ್ನು ತರಗತಿಯ ಶಿಕ್ಷಕರೇ ತುಂಬಬಹುದು. ಆ ಪಟ್ಟಿಯಿಂದ ಇಂತಹದೇ ನ್ಯೂನತೆ ಎಂದು ತೀರ್ಮಾನವಾಗುವುದಿಲ್ಲ. ಈ ಮಗುವನ್ನು ಇನ್ನೂ ಹತ್ತಿರದಿಂದ ನೋಡಬೇಕು ಎಂಬುದಷ್ಟೇ ಗೊತ್ತಾಗುತ್ತದೆ.

ಮುಂದಿನ ಹೆಜ್ಜೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ನಾವು ಬಿ.ಆರ್.ಸಿ. ಎನ್ನುವುದು. ರಾಯಬಾಗ ತಾಲೂಕು ಬೆಳಗಾವಿ ಜಿಲ್ಲೆಯಲ್ಲಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದೆ. ಬಿ.ಆರ್.ಸಿ.ಯಲ್ಲಿ ವಿಶೇಷ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಇಲಾಖೆಯವರು ಅವರನ್ನು ಬಿ.ಐ.ಇ.ಆರ್.ಟಿ. ಎನ್ನುತ್ತಾರೆ. ಶಾಲೆಗೆ ಬಂದು ಮಗುವನ್ನು ನೋಡುವುದು, ತರಗತಿಯ ಶಿಕ್ಷಕರಿಗೆ ದಾರಿ ಹೇಳುವುದು, ಹಾಸಿಗೆ ಹಿಡಿದ ಮಗುವಿಗೆ ಮನೆಯಲ್ಲಿಯೇ ಪಾಠದ ವ್ಯವಸ್ಥೆ ಮಾಡುವುದು, ವೈದ್ಯಕೀಯ ತಪಾಸಣಾ ಶಿಬಿರ ನಡೆಸುವುದು ಅವರ ಕೆಲಸ. ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣ ಸಾಧನಗಳಿಗೆ ಮಕ್ಕಳ ಆಯ್ಕೆಯಾಗುವುದು ಈ ಶಿಬಿರಗಳಲ್ಲಿಯೇ.

ಕೆಲವೇ ಸಂಪನ್ಮೂಲ ಶಿಕ್ಷಕರು ಇಡೀ ತಾಲೂಕು ಸುತ್ತಬೇಕಾದ್ದರಿಂದ ಅವರು ನಿಮ್ಮ ಶಾಲೆಗೆ ಬರುವುದು ತಡವಾಗಬಹುದು. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು, ಕೇಂದ್ರ ಸರಕಾರ 2022ರಲ್ಲಿ ಅದನ್ನು ಅಧಿಸೂಚನೆಯಾಗಿ ಹೊರಡಿಸಿತು. ಅಲ್ಲಿಯವರೆಗೆ ಮುಟ್ಟುವ ದಾರಿ ದೂರವಿದೆ. ಅದಕ್ಕಾಗಿಯೇ ತರಗತಿಯ ಶಿಕ್ಷಕರು ಕಾಯದೆ ಕೆಲಸ ಆರಂಭಿಸಬೇಕು.

ಪ್ರಮಾಣಪತ್ರದ ದಾರಿ ಬೇರೆ. ಅದನ್ನು ಯು.ಡಿ.ಐ.ಡಿ. ಜಾಲತಾಣದಲ್ಲಿ ಅರ್ಜಿ ಹಾಕಿ ಸರಕಾರಿ ವೈದ್ಯಕೀಯ ಪ್ರಾಧಿಕಾರದಿಂದ ಪಡೆಯಬೇಕು. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯೂ. ಇರುತ್ತಾರೆ. ಅರ್ಜಿಗೆ ಅವರ ನೆರವು ಕೇಳಿ. ನಮ್ಮ ಭಾಗದವರು ಏನೇ ಕಾಯಿಲೆಯಾದರೂ ರೈಲು ಹತ್ತಿ ಮಿರಜಿಗೆ ಹೋಗುವುದು ರೂಢಿ. ಚಿಕಿತ್ಸೆಗೆ ಹೋಗಿ, ಅಡ್ಡಿಯಿಲ್ಲ. ಆದರೆ ಅಲ್ಲಿನ ಖಾಸಗಿ ವೈದ್ಯರು ಬರೆದುಕೊಟ್ಟ ಚೀಟಿ ನ್ಯೂನತೆಯ ಪ್ರಮಾಣಪತ್ರವಾಗುವುದಿಲ್ಲ. ಆ ಚೀಟಿ, ಎಕ್ಸ್‌ರೇ, ಕಿವಿ ಪರೀಕ್ಷೆಯ ಕಾಗದ ಎಲ್ಲವನ್ನೂ ಜೋಪಾನವಾಗಿಟ್ಟು ನಮ್ಮ ಜಿಲ್ಲೆಯ ವೈದ್ಯರ ಮುಂದೆ ಇಡಿ. ಕಲಿಕಾ ನ್ಯೂನತೆಗೆ 2018ರ ಕೇಂದ್ರ ಮಾರ್ಗಸೂಚಿ 8, 14 ಮತ್ತು 18ನೆಯ ವಯಸ್ಸಿನಲ್ಲಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಕ್ರಮವನ್ನು ಹಾಕಿಕೊಟ್ಟಿತು. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು ಬಳಸುತ್ತಾರೆ. ವೈದ್ಯರ ತೀರ್ಮಾನ ಸರಿಯಿಲ್ಲ ಎನಿಸಿದರೆ ಸೆಕ್ಷನ್ 59ರಂತೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ.

ಮನೆಮಾತು ಬೇರೆ ಎಂಬುದು ನ್ಯೂನತೆಯಲ್ಲ

ಇಲ್ಲಿಯವರೆಗೆ ನೆರವು ಸಿಗದೆ ಹೋಗುವ ಮಕ್ಕಳ ಮಾತಾಯಿತು. ಇದಕ್ಕೆ ತಿರುಗುಮುರುಗಾದ ಅನ್ಯಾಯವೂ ಇದೆ. ನ್ಯೂನತೆಯೇ ಇಲ್ಲದ ಮಗುವಿಗೆ ‘ಬುದ್ಧಿಮಾಂದ್ಯ’ ಎಂಬ ಹಣೆಪಟ್ಟಿ ಬೀಳುವುದು.

ಗಡಿಭಾಗದ ನಮ್ಮ ಮಕ್ಕಳು ಎಷ್ಟು ಭಾಷೆಗಳ ನಡುವೆ ಬೆಳೆಯುತ್ತಾರೆ ನೋಡಿ. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಬೆಳಿಗ್ಗೆ ಮಕ್ತಬ್‌ನಲ್ಲಿ ಬಲದಿಂದ ಎಡಕ್ಕೆ ಅಲಿಫ್-ಬೇ, ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಅ-ಆ. ಒಂದನೆಯ, ಎರಡನೆಯ ಇಯತ್ತೆಯ ಮಗು ಇವುಗಳಲ್ಲಿ ತಡವರಿಸಿದರೆ ಅದು ಸಹಜ. ಕೆಲ ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳನ್ನು ‘ಮಾತೇ ಆಡುವುದಿಲ್ಲ, ಬುದ್ಧಿ ಬೆಳೆದಿಲ್ಲ’ ಎಂದು ಪಟ್ಟಿಗೆ ಸೇರಿಸಿದ್ದರು. ಅವಳ ಅಜ್ಜಿ ಪಕ್ಕದಲ್ಲಿ ಕೂತು ಅದೇ ಪ್ರಶ್ನೆಗಳನ್ನು ಮನೆಮಾತಿನಲ್ಲಿ ಕೇಳಿದಾಗ ಹುಡುಗಿ ಬಣ್ಣ, ಎಣಿಕೆ, ಮನೆಯವರ ಹೆಸರು ಎಲ್ಲವನ್ನೂ ಪಟಪಟನೆ ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಕನ್ನಡ ಕಲಿಸುವವರು.

ಬುದ್ಧಿ ಅಳೆಯುವ ಪರೀಕ್ಷೆಯ ಇತಿಹಾಸವೂ ಇದನ್ನೇ ಹೇಳುತ್ತದೆ. 1905ರಲ್ಲಿ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಅವರು ಮೊದಲ ಬಾರಿಗೆ ಇಂತಹ ಪರೀಕ್ಷೆ ರೂಪಿಸಿದ್ದು ಶಾಲೆಯಲ್ಲಿ ಯಾವ ಮಗುವಿಗೆ ವಿಶೇಷ ಪಾಠ ಬೇಕು ಎಂದು ತಿಳಿಯಲಿಕ್ಕೆ. ಮಗುವನ್ನು ತಳ್ಳಿಹಾಕಲಿಕ್ಕೆ ಅಲ್ಲ. ಬುದ್ಧಿ ಎಂದೂ ಬದಲಾಗದು ಎಂಬ ವಾದವನ್ನು ಬಿನೆ ಒಪ್ಪುತ್ತಿರಲಿಲ್ಲ. ಆ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ನಮ್ಮ ಪಕ್ಕದ ಧಾರವಾಡದಲ್ಲಿದ್ದ ವಿ.ವಿ. ಕಾಮತ್. 1930ರ ದಶಕದಲ್ಲಿ ಅವರು ಅದನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಮಗುವಿನ ಭಾಷೆಯಲ್ಲಿಯೇ ಮಗುವನ್ನು ಕೇಳಬೇಕು ಎಂಬ ಅರಿವು ನಮ್ಮ ಈ ಭಾಗದಲ್ಲಿ ಅಷ್ಟು ಹಿಂದೆಯೇ ಇತ್ತು.

ಅಮೆರಿಕದಲ್ಲಿ ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಒಂಬತ್ತು ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ, ಅವರ ಭಾಷೆಯಲ್ಲಿಯೇ ಮತ್ತೆ ಪರೀಕ್ಷೆ ಮಾಡಿದಾಗ ಹೆಚ್ಚಿನವರು ಬುದ್ಧಿಮಾಂದ್ಯರೇ ಅಲ್ಲ ಎಂದು ತಿಳಿದುಬಂತು. 1970ರಲ್ಲಿ ಆ ಮೊಕದ್ದಮೆ ರಾಜಿಯಾಗಿ, ಮಗುವಿನ ಮನೆಮಾತಿನಲ್ಲಿ ಪರೀಕ್ಷೆ ಮಾಡಬೇಕೆಂದು ಒಪ್ಪಿಕೊಂಡರು. ಪಾಠವೇ ಸರಿಯಾಗಿ ಸಿಗದಿದ್ದುದು ಅಥವಾ ಇಂಗ್ಲಿಷ್ ಬಾರದಿದ್ದುದು ಮುಖ್ಯ ಕಾರಣವಾಗಿದ್ದರೆ ಆ ಮಗುವನ್ನು ನ್ಯೂನತೆಯ ಪಟ್ಟಿಗೆ ಸೇರಿಸಬಾರದು ಎಂದು ಇಂದು ಅಲ್ಲಿನ ಕಾನೂನಿನಲ್ಲಿಯೇ ಇದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಯ ಜೊತೆ ತಿಂಗಳುಗಟ್ಟಲೆ ಊರು ಬಿಡುವ ಮಗು ಮರಳಿ ಬಂದಾಗ ಓದಲಾರದಿದ್ದರೆ ಅದನ್ನು ಇದೇ ಮಾತಿನಿಂದ ನೋಡಬೇಕು. ಅದಕ್ಕೆ ತಪ್ಪಿಹೋದದ್ದು ಪಾಠ.

ಕನ್ನಡದ ಲಿಪಿಗೂ ತನ್ನದೇ ಸಮಯ ಬೇಕು. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ಅಕ್ಷರ ರೂಪಗಳು ನೂರಾರು. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಕ್ಕಳಿಗೆ ಹೋಲಿಸಿದರೆ ಕನ್ನಡ ಮಕ್ಕಳಿಗೆ ಅಕ್ಷರ ಜ್ಞಾನ ಪೂರ್ಣವಾಗಲು ಹೆಚ್ಚು ವರ್ಷ ಹಿಡಿಯುತ್ತದೆ, ಅದು ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿದ್ದಾರೆ. ಒಂದನೆಯ ಇಯತ್ತೆಯ ದೀಪಾವಳಿ ರಜೆಗೇ ಮಗುವಿನ ಮೇಲೆ ತೀರ್ಪು ಕೊಡಬಾರದು.

ಹಾಗಾದರೆ ನಿಜವಾದ ತೊಂದರೆ ಯಾವುದು?

ಸರಳವಾದ ಒಂದು ಗುರುತು ಹೇಳುತ್ತೇನೆ. ತೊಂದರೆ ಭಾಷೆಯದಾದರೆ ಮನೆಮಾತಿನಲ್ಲಿ ಅದು ಮಾಯವಾಗುತ್ತದೆ. ತೊಂದರೆ ಓದಿನದೇ ಆದರೆ ಎಲ್ಲ ಲಿಪಿಯಲ್ಲೂ ಕಾಣಿಸುತ್ತದೆ.

ನಮ್ಮಲ್ಲಿ ಮಕ್ತಬ್‌ಗೆ ಬರುತ್ತಿದ್ದ ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗನಿದ್ದ. ಕೇಳಿ ಕೇಳಿಯೇ ಉದ್ದುದ್ದ ಸೂರಾಗಳನ್ನು ಕಂಠಪಾಠ ಮಾಡಿದ್ದ. ಉಚ್ಚಾರವೂ ಚೊಕ್ಕ. ಆದರೆ ಪುಟದ ನಡುವಿನ ಒಂದು ಪದಕ್ಕೆ ಬೆರಳಿಟ್ಟು ‘ಇದೇನು ಓದು’ ಎಂದರೆ ಬಾಯಿ ಕಟ್ಟುತ್ತಿತ್ತು. ಮೊದಲಿನಿಂದ ಹೇಳಿಕೊಂಡು ಬಂದು ಆ ಪದವನ್ನು ಊಹಿಸುತ್ತಿದ್ದ. ಶಾಲೆಯ ಕನ್ನಡ ಪುಸ್ತಕದಲ್ಲೂ ಹಾಗೆಯೇ, ಪದ್ಯ ಬಾಯಿಗೆ ಬರುತ್ತಿತ್ತು, ಪದ ಕಣ್ಣಿಗೆ ಸಿಗುತ್ತಿರಲಿಲ್ಲ. ಶಾಲೆಯಲ್ಲಿ ‘ಆಲಸಿ’ ಎಂದಿದ್ದರು. ತಂದೆ ಅವನನ್ನು ಗ್ಯಾರೇಜಿಗೆ ಹಾಕುವ ವಿಚಾರದಲ್ಲಿದ್ದರು. “ಅಕ್ಷರಾನ ಹತ್ತಂಗಿಲ್ಲಂದ್ರ ಏನ್ ಮಾಡ್ಲಿ ಹಜ್ರತ್, ಕೈಕೆಲಸಾರ ಕಲೀಲಿ” ಎಂದರು.

ಬುದ್ಧಿ ಚುರುಕು, ನೆನಪು ಗಟ್ಟಿ, ಕಣ್ಣು ಕಿವಿ ಸರಿ, ಶಾಲೆ ತಪ್ಪಿಸಿಲ್ಲ, ಆದರೂ ಎರಡೂ ಲಿಪಿಯಲ್ಲಿ ಓದು ಹತ್ತುತ್ತಿಲ್ಲ. ಕಲಿಕಾ ನ್ಯೂನತೆ ಇರಬಹುದೆಂಬ ಸಂಶಯಕ್ಕೆ ಇಷ್ಟು ಸಾಕು. ತಂದೆಯವರು ಶಾಲೆಗೆ ಅರ್ಜಿ ಕೊಟ್ಟರು. ಪ್ರಮಾಣಪತ್ರ ಬರಲು ಬೆಳಗಾವಿಗೆ ಹಲವು ಸಲ ಓಡಾಡಬೇಕಾಯಿತು, ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಆದರೆ ಅಷ್ಟರೊಳಗೆ ಶಾಲೆಯಲ್ಲಿ ಮೂರು ಬದಲಾವಣೆಗಳಾಗಿದ್ದವು. ಪ್ರಶ್ನೆಗಳನ್ನು ಅವನಿಗೆ ಓದಿ ಹೇಳುವುದು, ಬಾಯುತ್ತರಕ್ಕೂ ಅಂಕ ಕೊಡುವುದು, ದಿನಕ್ಕೆ ಹದಿನೈದು ನಿಮಿಷ ಮಣಿ ಮತ್ತು ಮರಳಿನ ಮೇಲೆ ಕಾಗುಣಿತ ಮಾಡಿಸುವುದು. ಇದಕ್ಕೆ ಯಾವ ಅನುದಾನವೂ ಬೇಕಾಗಲಿಲ್ಲ. ಹುಡುಗ ಈಗಲೂ ನಿಧಾನವಾಗಿಯೇ ಓದುತ್ತಾನೆ. ಆದರೆ ಶಾಲೆಯಲ್ಲಿದ್ದಾನೆ. ಮುಂದೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಲು ಆ ಪ್ರಮಾಣಪತ್ರ ಅವನ ಕೈಯಲ್ಲಿದೆ.

ಮದ್ರಸಾಗಳ ಹೊಣೆ ಹೊತ್ತವರಿಗೂ ಇಲ್ಲಿ ಒಂದು ಮಾತು. 2012ರ ತಿದ್ದುಪಡಿಯ ನಂತರ ಧಾರ್ಮಿಕ ಶಿಕ್ಷಣವೇ ಮುಖ್ಯವಾಗಿರುವ ಮದ್ರಸಾ, ವೇದ ಪಾಠಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಮದ್ರಸಾದಲ್ಲಿ ಮಾತ್ರ ಕಲಿಯುವ ಮಗು ಇಲಾಖೆಯ ಪಟ್ಟಿಗೆ ಬರುವುದೇ ಕಷ್ಟ. ಓದು ಹತ್ತದ ಮಗುವಿಗೆ ಛಡಿ ಎತ್ತುವ ಮೊದಲು ಅದರ ಹೆಸರು ಹತ್ತಿರದ ಸರಕಾರಿ ಶಾಲೆಯ ದಾಖಲೆಯಲ್ಲಿ ಇದೆಯೇ ನೋಡಿ. ಅಂಧರಾಗಿದ್ದ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್(ರ) ಅವರಿಗೆ ಮದೀನಾದ ಮಸೀದಿಯಲ್ಲಿ ಅಝಾನ್ ಕೊಡುವ ಹೊಣೆ ಸಿಕ್ಕಿತ್ತು ಎಂಬುದನ್ನು ನಾವೇ ಮಕ್ಕಳಿಗೆ ಕಲಿಸುತ್ತೇವಲ್ಲವೇ?

ಅರ್ಜಿ ಹೀಗೆ ಬರೆಯಿರಿ

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟರೆ ಶಾಲೆಯ ಕಡತದಲ್ಲಿ ಉಳಿಯುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುಖ್ಯ ಗುರುಗಳ ಸಹಿ, ತಾರೀಖು ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ. ಒಕ್ಕಣೆ ಇಷ್ಟು ಸಾಕು:

“ಮಾನ್ಯ ಮುಖ್ಯೋಪಾಧ್ಯಾಯರಿಗೆ, ತಮ್ಮ ಶಾಲೆಯ ಇಂತಹ ತರಗತಿಯಲ್ಲಿ ಓದುತ್ತಿರುವ ನನ್ನ ಮಗ/ಮಗಳಿಗೆ ಓದುವುದರಲ್ಲಿ (ಅಥವಾ ಕೇಳುವುದರಲ್ಲಿ, ನೋಡುವುದರಲ್ಲಿ, ಮಾತಿನಲ್ಲಿ) ತೊಂದರೆ ಇರುವುದು ಕಂಡುಬಂದಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16ರಂತೆ ಮಗುವನ್ನು ಪರಿಶೀಲಿಸಿ, ಬಿ.ಆರ್.ಸಿ.ಯ ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಬೇಕೆಂದೂ, ಪ್ರಮಾಣಪತ್ರ ಬರುವವರೆಗೆ ತರಗತಿಯಲ್ಲಿ ಅಗತ್ಯ ಅನುಕೂಲ ಮಾಡಿಕೊಡಬೇಕೆಂದೂ ವಿನಂತಿ. ಮಗುವಿನ ಮನೆಮಾತು ಉರ್ದು. ಪರೀಕ್ಷೆ ಮಾಡುವಾಗ ಆ ಭಾಷೆಯಲ್ಲಿಯೂ ಕೇಳಬೇಕಾಗಿ ಕೋರಿಕೆ.”

ಅರ್ಜಿಯ ಜೊತೆ ಒಂದು ಹಾಳೆಯಲ್ಲಿ ನೀವು ಮನೆಯಲ್ಲಿ ಕಂಡದ್ದನ್ನು ಬರೆಯಿರಿ. ಮಗು ಯಾವಾಗ ಮಾತು ಕಲಿಯಿತು, ಕಿವಿ ಸೋರುತ್ತಿತ್ತೇ, ಟಿ.ವಿ.ಗೆ ಹತ್ತಿರ ಹೋಗಿ ಕೂರುತ್ತದೆಯೇ, ಫಿಟ್ಸ್ ಬಂದಿತ್ತೇ, ಯಾವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕೊನೆಯದನ್ನು ಮರೆಯಬೇಡಿ. ಮಗುವಿಗೆ ಏನು ಬರುತ್ತದೆ ಎಂಬುದರಿಂದಲೇ ಕಲಿಸುವ ದಾರಿ ಸಿಗುತ್ತದೆ. ಶಾಲೆಯವರು ಏನೂ ಮಾಡದಿದ್ದರೆ ಅದೇ ಅರ್ಜಿಯ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಅದರ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ.

ಹೆಣ್ಣು ಮಗುವಾದರೆ

ಗಂಡು ಮಗುವಾದರೆ ಓಡಾಡುವವರು, ಹೆಣ್ಣು ಮಗುವಾದರೆ ಮುಚ್ಚಿಡುತ್ತಾರೆ. ‘ನಾಳೆ ಮದುವೆಗೆ ಅಡ್ಡಿಯಾದೀತು, ಪಟ್ಟಿಯಲ್ಲಿ ಹೆಸರು ಬೇಡ’ ಎನ್ನುತ್ತಾರೆ ತಾಯಂದಿರು. ತಾವೀಜು ಕಟ್ಟಿಸಿ ಸುಮ್ಮನಾಗುವವರೂ ಇದ್ದಾರೆ. ದುಆ ಮಾಡಿ, ಅದರ ಜೊತೆ ಕಿವಿಯ ಡಾಕ್ಟರರಿಗೂ ತೋರಿಸಿ. ಶಾಲೆಯ ಪಟ್ಟಿ ಊರಿನ ಚಾವಡಿಯಲ್ಲಿ ಓದುವ ಪಟ್ಟಿಯಲ್ಲ. ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆಂದೇ ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹ ಧನವನ್ನು ಇಟ್ಟಿರುವುದು ಈ ಮುಚ್ಚಿಡುವಿಕೆಯನ್ನು ಬಲ್ಲವರೇ. ಹಣ ದೊಡ್ಡದಲ್ಲ. ಆದರೆ ಮುಚ್ಚಿಟ್ಟ ಮಗಳಿಗೆ ಕಿವಿಯ ಯಂತ್ರವೂ ಇಲ್ಲ, ಮುಂದಿನ ಸಾಲೂ ಇಲ್ಲ. ಹತ್ತು ವರ್ಷ ಕಳೆದ ಮೇಲೆ ಅವಳು ‘ಏನೂ ತಿಳಿಯದವಳು’ ಎಂಬ ಹೆಸರು ಹೊತ್ತುಕೊಂಡೇ ಗಂಡನ ಮನೆಯ ಹೊಸ್ತಿಲು ದಾಟುತ್ತಾಳೆ. ಅವಳಿಗೆ ತಿಳಿಯದೆ ಇದ್ದುದಲ್ಲ, ಕೇಳಿಸದೆ ಇದ್ದುದು ಎಂದು ಆಗ ಯಾರು ಹೇಳಬೇಕು?

ಆದ್ದರಿಂದ ಹೆತ್ತವರೇ, ನಾಳೆ ಶಾಲೆಗೆ ಹೋದಾಗ ‘ಎಷ್ಟ ಪರ್ಸೆಂಟ್’ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ‘ನಮ್ಮ ಮಗುವಿಗೆ ಈ ಪಾಠ ಮುಟ್ಟಬೇಕಾದರೆ ಏನು ಬೇಕು’ ಎಂದು ಕೇಳಿ. ಮೊದಲನೆಯ ಪ್ರಶ್ನೆಗೆ ಉತ್ತರ ಬೆಳಗಾವಿಯಿಂದ ಬರಬೇಕು, ಅದು ಬಂದಾಗ ಬರಲಿ. ಎರಡನೆಯದಕ್ಕೆ ಉತ್ತರ ಮಗುವಿನ ಗುರುಗಳ ಹತ್ತಿರವೇ ಇದೆ. ಅವರೊಂದಿಗೆ ಅರ್ಧ ಗಂಟೆ ಕೂತು ಮಾತನಾಡಿ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.